ಕ್ರಾಫ್ಟ್ ಬಿಯರ್: ಲೋಟದಲ್ಲಿರುವುದೆಷ್ಟು, ಮೈಗೆ ದಕ್ಕುವುದೆಷ್ಟು

ಕ್ರಾಫ್ಟ್ ಬಿಯರ್‌ನಲ್ಲಿ ಆ್ಯಂಟಿಆಕ್ಸಿಡೆಂಟ್ ಇದೆ ಎಂಬ ಮಾತು ಸುಳ್ಳಲ್ಲ. ಬಾಟಲಿಯ ಮಾಮೂಲಿ ಲಾಗರ್‌ಗಿಂತ ಅದರಲ್ಲಿ ತುಸು ಹೆಚ್ಚೇ ಇರುತ್ತದೆ ಎಂಬುದೂ ಬಹುಮಟ್ಟಿಗೆ ನಿಜ. ಈ ಎರಡು ನಿಜಗಳ ಬೆನ್ನಿಗೆ ಮೂರನೆಯ ಮಾತೊಂದು ಸದ್ದಿಲ್ಲದೆ ಸೇರಿಕೊಂಡುಬಿಡುತ್ತದೆ: ಹಾಗಾಗಿ ಅದು ಆರೋಗ್ಯಕ್ಕೆ ಒಳ್ಳೆಯದು. ಪರೀಕ್ಷಿಸಿ ನೋಡಬೇಕಾದ್ದು ಆ ಮೂರನೆಯ ಮಾತನ್ನು.

ಬೆಂಗಳೂರಿಗೆ ಬಿಯರ್ ಹೊಸದಲ್ಲ. ದಂಡಿನ ಬ್ರಿಟಿಷ್ ಸೈನಿಕರಿಗಾಗಿ ಹತ್ತೊಂಬತ್ತನೆಯ ಶತಮಾನದಲ್ಲೇ ಇಲ್ಲಿ ಬಿಯರ್ ತಯಾರಾಗುತ್ತಿತ್ತು. 1915ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಲೀಶ್‌ಮನ್ ದಕ್ಷಿಣ ಭಾರತದ ಕೆಲವು ಬ್ರೂವರಿಗಳನ್ನು ಒಂದುಗೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದರು. ಆದರೆ ಗಿರಾಕಿ ಕೂತ ಮೇಜಿನಿಂದ ಕಾಣುವಂತೆ ಸ್ಟೀಲ್ ಹಂಡೆಗಳನ್ನು ನಿಲ್ಲಿಸಿ, ಅಲ್ಲೇ ಕಾಯಿಸಿ, ಅಲ್ಲೇ ಹುದುಗಿಸಿ, ಅಲ್ಲೇ ಸುರಿದುಕೊಡುವ ಕ್ರಾಫ್ಟ್ ಬಿಯರಿನ ಮೈಕ್ರೋಬ್ರೂವರಿಗಳು ಊರಿಗೆ ಬಂದದ್ದು 2010ರ ಆಸುಪಾಸಿನಲ್ಲಿ. ಈಗ ಇಂದಿರಾನಗರ, ಕೋರಮಂಗಲ, ವೈಟ್‌ಫೀಲ್ಡ್ ಕಡೆ ಶನಿವಾರ ಸಂಜೆ ಹೋದರೆ ಕೂರಲು ಜಾಗ ಸಿಗುವುದೇ ಕಷ್ಟ. ಅಲ್ಲಿ ಕೂತವರ ಬಾಯಲ್ಲಿ ಕೇಳುವ ಸಮರ್ಥನೆ ಹೆಚ್ಚುಕಡಿಮೆ ಒಂದೇ. ನಮ್ಮ ಅಣ್ಣನ ಮಗನೂ ಅದನ್ನೇ ಹೇಳಿದ: “ಚಿಕ್ಕಪ್ಪ, ಇದು ಬಾಟ್ಲಿ ಬಿಯರ್ ಥರ ಅಲ್ಲ. ಕೆಮಿಕಲ್ ಇಲ್ಲ, ಫಿಲ್ಟರ್ ಮಾಡಿರಲ್ಲ, ರಾಗಿ ಬೇರೆ ಹಾಕಿರ್ತಾರೆ. ಹೆಲ್ತಿಗೆ ಒಳ್ಳೇದೇ.” ಓದಿಕೊಂಡ ಹುಡುಗ, ಯಾವುದೋ ಸಂಶೋಧನೆಯ ಸುದ್ದಿಯನ್ನು ಮೊಬೈಲಿನಲ್ಲಿ ತೆರೆದೂ ತೋರಿಸಿದ. ಅವನ ಮಾತನ್ನು ತಳ್ಳಿಹಾಕುವುದು ಸುಲಭ. ಆದರೆ ಅದರಲ್ಲಿ ಅರ್ಧ ಸತ್ಯವಿರುವುದರಿಂದಲೇ ಅದಕ್ಕೆ ಸರಿಯಾದ ಉತ್ತರ ಸಲ್ಲಬೇಕು.

ಮೊದಲು ಲೋಟದೊಳಗೆ ಏನೇನಿದೆ ನೋಡೋಣ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಬಿಸಿಗಾಳಿಯಲ್ಲಿ ಒಣಗಿಸಿದರೆ ಮಾಲ್ಟ್ ಆಗುತ್ತದೆ. ಅದನ್ನು ತರಿತರಿಯಾಗಿ ಒಡೆದು ಸುಮಾರು 65 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಇಟ್ಟಾಗ ಕಾಳಿನ ಪಿಷ್ಟ ಸಕ್ಕರೆಯಾಗಿ ನೀರಿಗಿಳಿಯುತ್ತದೆ. ಈ ಸಿಹಿನೀರನ್ನು ಸೋಸಿ, ಹಾಪ್ಸ್ ಎಂಬ ಬಳ್ಳಿಯ ಹೂ ಹಾಕಿ ಒಂದು, ಒಂದೂವರೆ ಗಂಟೆ ಕುದಿಸಿ, ತಣಿಸಿ, ಯೀಸ್ಟ್ ಬೆರೆಸುತ್ತಾರೆ. ನಮ್ಮ ದೇಶದಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಒಂದಿಷ್ಟು ಹಾಪ್ಸ್ ಬೆಳೆಯುತ್ತಾರಾದರೂ ಹೆಚ್ಚಿನದು ಬರುವುದು ಹೊರದೇಶಗಳಿಂದ. ಬಿಯರಿನ ಕಹಿ, ಘಮ ಎರಡಕ್ಕೂ ಈ ಹೂವೇ ಮೂಲ.

ಆ್ಯಂಟಿಆಕ್ಸಿಡೆಂಟ್ ಅಂದರೆ ಉತ್ಕರ್ಷಣ ನಿರೋಧಕ, ಆಮ್ಲಜನಕದಿಂದ ಹುಟ್ಟುವ ಉಪಟಳದ ಕಣಗಳನ್ನು ತಣ್ಣಗಾಗಿಸುವ ವಸ್ತು. ಬಿಯರಿನಲ್ಲಿ ಈ ಕೆಲಸ ಮಾಡುವುದು ಮುಖ್ಯವಾಗಿ ಪಾಲಿಫಿನಾಲ್‌ಗಳು. ಅವುಗಳಲ್ಲಿ ಸುಮಾರು ಶೇ 70ರಿಂದ 80 ಪಾಲು ಮಾಲ್ಟ್‌ನಿಂದ ಬಂದರೆ ಉಳಿದದ್ದು ಹಾಪ್ಸ್‌ನಿಂದ. ಮಾಲ್ಟ್ ಕೊಡುವ ಫಿನಾಲಿಕ್ ಆಮ್ಲಗಳಲ್ಲಿ ಮುಖ್ಯವಾದದ್ದು ಫೆರುಲಿಕ್ ಆಮ್ಲ. ಮೈಕ್ರೋಬ್ರೂವರಿಗಳಲ್ಲಿ ಹೆಚ್ಚು ಖರ್ಚಾಗುವ ಹೆಫೆವೈಜನ್ ಎಂಬ ಗೋಧಿ ಬಿಯರನ್ನು ಮೂಗಿನ ಹತ್ತಿರ ಹಿಡಿದರೆ ಲವಂಗದ ವಾಸನೆ ಬರುತ್ತದೆ. ಅದಕ್ಕೆ ಯಾರೂ ಲವಂಗ ಹಾಕಿರುವುದಿಲ್ಲ. ಆ ಬಗೆಯ ಯೀಸ್ಟ್‌ನಲ್ಲಿರುವ ಕಿಣ್ವವೊಂದು ಫೆರುಲಿಕ್ ಆಮ್ಲವನ್ನು ಒಡೆದು 4-ವಿನೈಲ್ ಗ್ವಾಯಕಾಲ್ ಎಂಬ ವಸ್ತುವನ್ನಾಗಿಸುತ್ತದೆ. ಲವಂಗದ ಘಮ ಅದರದು. ನಾವು ಮೂಸಿ ಖುಷಿಪಡುವುದು ಒಂದು ಆ್ಯಂಟಿಆಕ್ಸಿಡೆಂಟ್ ರೂಪ ಬದಲಿಸಿದ್ದನ್ನು.

ಇನ್ನೊಂದು ಸಂಗತಿ ಗ್ರಾಹಕರ ಕಣ್ಣಿಗೆ ಬೀಳುವುದಿಲ್ಲ. ಕಾಳಿನ ಫೆರುಲಿಕ್ ಆಮ್ಲದ ದೊಡ್ಡ ಪಾಲು ಸಿಪ್ಪೆಯ ನಾರಿಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ, ನೀರಿಗೆ ಇಳಿಯುವುದೇ ಇಲ್ಲ. ಸಿಹಿನೀರು ಸೋಸಿದ ಮೇಲೆ ಹಂಡೆಯ ತಳದಲ್ಲಿ ಉಳಿಯುವ ಒದ್ದೆ ಚರಟ ಬೆಂಗಳೂರಿನ ಸುತ್ತಮುತ್ತಲ ಹೈನುಗಾರರ ಕೊಟ್ಟಿಗೆಗೆ ಹೋಗುತ್ತದೆ. ಅವರು ಅದನ್ನು ಬಿಯರ್ ವೇಸ್ಟ್ ಎನ್ನುತ್ತಾರೆ. ಕಾಳಿನ ನಾರು, ಪ್ರೋಟೀನು, ಸಿಪ್ಪೆಯ ಫಿನಾಲ್‌ಗಳು ಹೆಚ್ಚಿನಂಶ ಹಸುವಿನ ಪಾಲಾಗುತ್ತವೆ. ಮನುಷ್ಯರ ಪಾಲಿಗೆ ಬರುವುದು ಸಕ್ಕರೆಯಿಂದಾದ ಆಲ್ಕೊಹಾಲ್ ಮತ್ತು ನೀರಿನಲ್ಲಿ ಕರಗಿದಷ್ಟು ಮಿಕ್ಕ ವಸ್ತು.

ಕ್ರಾಫ್ಟ್ ಬಿಯರಿನಲ್ಲಿ ಇವು ಏಕೆ ಹೆಚ್ಚು ಎಂಬುದಕ್ಕೆ ಕಾರಣ ಸರಳ. ದೊಡ್ಡ ಕಾರ್ಖಾನೆಯ ಬಿಯರ್ ತಿಂಗಳುಗಟ್ಟಲೆ ಅಂಗಡಿಯಲ್ಲಿ ಕೂತರೂ ಗಾಜಿನಂತೆ ತಿಳಿಯಾಗಿರಬೇಕು. ಪಾಲಿಫಿನಾಲ್‌ಗಳು ಪ್ರೋಟೀನಿನ ಜತೆ ಗಂಟುಬಿದ್ದರೆ ತಣ್ಣಗಾದ ಬಿಯರ್ ಮಂಜುಮಂಜಾಗುತ್ತದೆ. ಅದನ್ನು ತಪ್ಪಿಸಲು ಪಿವಿಪಿಪಿ ಎಂಬ ಪುಡಿಯ ಮೂಲಕ ಹಾಯಿಸಿ ಪಾಲಿಫಿನಾಲ್‌ಗಳನ್ನು ಹೀರಿ ತೆಗೆಯುವ ಪದ್ಧತಿ ಇದೆ. ಜತೆಗೆ ಖರ್ಚು ಇಳಿಸಲು ಬಾರ್ಲಿಯ ಒಂದು ಪಾಲಿನ ಬದಲು ಅಕ್ಕಿ, ಮೆಕ್ಕೆಜೋಳ, ಸಕ್ಕರೆ ಹಾಕುವುದೂ ಉಂಟು. ಮಾಲ್ಟ್ ಕಡಿಮೆಯಾದಷ್ಟೂ ಫಿನಾಲ್ ಕಡಿಮೆ. ಮೈಕ್ರೋಬ್ರೂವರಿಯ ಬಿಯರ್ ಕೆಲವೇ ದಿನಗಳಲ್ಲಿ ಖಾಲಿಯಾಗುವುದರಿಂದ ಅದನ್ನು ಹೀಗೆ ಸೋಸಿ ತಿಳಿಗೊಳಿಸುವ ಅಗತ್ಯವಿಲ್ಲ. ಸ್ಟೌಟ್, ಪೋರ್ಟರ್‌ನಂಥ ಕಪ್ಪು ಬಿಯರುಗಳಲ್ಲಿ ಹುರಿದ ಮಾಲ್ಟ್‌ನ ಮೆಲನಾಯ್ಡಿನ್ ಎಂಬ ಕಂದು ವಸ್ತುಗಳೂ ಸೇರುತ್ತವೆ. ಐಪಿಎ ಎಂಬ ಕಹಿ ಬಿಯರುಗಳಲ್ಲಿ ಹುದುಗಿದ ಮೇಲೂ ತಣ್ಣಗೆ ಇನ್ನಷ್ಟು ಹಾಪ್ಸ್ ಹಾಕುವುದರಿಂದ ಹೂವಿನ ಫಿನಾಲ್‌ಗಳು ಹೆಚ್ಚುತ್ತವೆ.

ಹಾಗಾದರೆ ಎಷ್ಟು ಹೆಚ್ಚು? ಫಿನಾಲ್-ಎಕ್ಸ್‌ಪ್ಲೋರರ್ ಎಂಬ ಫ್ರಾನ್ಸಿನ ದತ್ತಾಂಶ ಸಂಗ್ರಹದ ಸರಾಸರಿ ಪ್ರಕಾರ 100 ಮಿಲಿಲೀಟರ್ ಸಾಧಾರಣ ಬಿಯರಿನಲ್ಲಿ ಒಟ್ಟು ಪಾಲಿಫಿನಾಲ್ ಸುಮಾರು 28 ಮಿಲಿಗ್ರಾಂ. ಕಪ್ಪು ಬಿಯರಿನಲ್ಲಿ ಸುಮಾರು 42. ಅದೇ ಅಳತೆಗೋಲಿನಲ್ಲಿ ಕಪ್ಪು ಚಹಾ 100ರ ಮೇಲಿದೆ. ಕೆಂಪು ವೈನ್ ಮತ್ತು ಹಾಲು ಬೆರೆಸದ ಫಿಲ್ಟರ್ ಕಾಫಿ ಎರಡೂ 200 ದಾಟುತ್ತವೆ. ಅಂದರೆ ಅರ್ಧ ಲೀಟರ್ ಸಾಧಾರಣ ಬಿಯರಿನಿಂದ ಬರುವಷ್ಟು ಪಾಲಿಫಿನಾಲ್ ಒಂದು ಸಣ್ಣ ಲೋಟ ಕಾಫಿಯಿಂದ ಬರುತ್ತದೆ. ಪಾಲಿಫಿನಾಲ್ ಬೇಕೆಂದೇ ಹೊರಟವರಿಗೆ ಬಿಯರ್ ಬಹಳ ದೂರದ ದಾರಿ.

ಬ್ರೂವರಿಯವರಿಗೆ ಈ ವಸ್ತುಗಳ ಮೇಲೆ ಅಕ್ಕರೆ ಇರುವುದಕ್ಕೆ ಬೇರೆಯೇ ಕಾರಣವಿದೆ. ಆಮ್ಲಜನಕ ಬಿಯರಿನ ಶತ್ರು. ಹಳೆಯದಾದ ಬಿಯರ್ ಒದ್ದೆ ರಟ್ಟಿನ ವಾಸನೆ ಹೊಡೆಯುತ್ತದೆ. ಟ್ರಾನ್ಸ್-2-ನೊನೆನಾಲ್ ಎಂಬ ವಸ್ತು ಅದಕ್ಕೆ ಕಾರಣ. ಹಂಡೆಯಿಂದ ಪೀಪಾಯಿಗೆ ಬಿಯರ್ ಇಳಿಸುವ ಮುನ್ನ ಇಂಗಾಲದ ಡೈಆಕ್ಸೈಡ್ ಹಾಯಿಸಿ ಗಾಳಿಯನ್ನೆಲ್ಲ ಹೊರದಬ್ಬುವುದು ಇದೇ ಭಯಕ್ಕೆ. ಮಾಲ್ಟ್ ಮತ್ತು ಹಾಪ್ಸ್‌ನ ಫಿನಾಲ್‌ಗಳು, ಯೀಸ್ಟ್ ತಾನಾಗಿಯೇ ಬಿಡುವ ಚೂರು ಗಂಧಕದ ಡೈಆಕ್ಸೈಡ್ ಸೇರಿ ಬಿಯರನ್ನು ಕೆಡದಂತೆ ಕಾಯುತ್ತವೆ. ಆ್ಯಂಟಿಆಕ್ಸಿಡೆಂಟ್‌ಗಳ ಈ ಕೆಲಸ ಪಕ್ಕಾ ರುಜುವಾತಾದದ್ದು. ಅವು ಕಾಯುವುದು ಬಿಯರನ್ನು. ಕುಡಿದವನನ್ನೂ ಕಾಯುತ್ತವೆಯೇ ಎಂಬುದು ಬೇರೆ ಪ್ರಶ್ನೆ, ಅದಕ್ಕೆ ಬೇರೆ ಸಾಕ್ಷಿ ಬೇಕು.

ಸುದ್ದಿಗಳಲ್ಲಿ ಬರುವ ‘ಆ್ಯಂಟಿಆಕ್ಸಿಡೆಂಟ್ ಸಾಮರ್ಥ್ಯ’ದ ಅಂಕಿಗಳು ಹೆಚ್ಚಾಗಿ ಪ್ರಯೋಗನಳಿಕೆಯವು. ಡಿಪಿಪಿಎಚ್ ಎಂಬ ನೇರಳೆ ದ್ರಾವಣಕ್ಕೆ ಬಿಯರ್ ಹನಿಸುತ್ತಾರೆ, ನೇರಳೆ ಎಷ್ಟು ಬೇಗ ಹಳದಿಗೆ ತಿರುಗಿತು ಎಂದು ಅಳೆಯುತ್ತಾರೆ. ರಸಾಯನಶಾಸ್ತ್ರದ ಮಟ್ಟಿಗೆ ಒಳ್ಳೆಯ ಪರೀಕ್ಷೆ. ಆದರೆ ಹೊಟ್ಟೆ, ಕರುಳು, ಯಕೃತ್ತು ಯಾವುದೂ ಆ ನಳಿಕೆಯಲ್ಲಿಲ್ಲ. ಇದೇ ಬಗೆಯ ಓರ್ಯಾಕ್ ಎಂಬ ಅಳತೆಯಲ್ಲಿ ಆಹಾರಗಳ ದೊಡ್ಡ ಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆ ಪ್ರಕಟಿಸಿತ್ತು. ಆ ಅಂಕಿಗಳಿಗೂ ಮನುಷ್ಯರ ಆರೋಗ್ಯಕ್ಕೂ ನೇರ ಸಂಬಂಧ ಸಿಕ್ಕಿಲ್ಲ, ಕಂಪನಿಗಳು ಅವನ್ನು ಜಾಹೀರಾತಿಗೆ ದುರ್ಬಳಕೆ ಮಾಡುತ್ತಿವೆ ಎಂದು 2012ರಲ್ಲಿ ಇಲಾಖೆಯೇ ಆ ಪಟ್ಟಿಯನ್ನು ತೆಗೆದುಹಾಕಿತು. ಆಹಾರದ ಬಗ್ಗೆ ಬರೆಯುವವರೆಲ್ಲ ನೆನಪಿಡಬೇಕಾದ ಘಟನೆಯಿದು.

ಬಿಯರಿನ ಆ್ಯಂಟಿಆಕ್ಸಿಡೆಂಟ್‌ಗಳಲ್ಲಿ ಅತಿ ಹೆಚ್ಚು ಹೆಸರು ಮಾಡಿರುವುದು ಜ್ಯಾಂಥೋಹ್ಯೂಮಾಲ್. ಹಾಪ್ಸ್ ಹೂವಿನ ಅಂಟಿನಲ್ಲಿರುವ ಹಳದಿ ವಸ್ತು. ಜೀವಕೋಶಗಳ ಮೇಲೆ, ಇಲಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಉರಿಯೂತ ತಗ್ಗಿಸುವ, ಕ್ಯಾನ್ಸರ್ ಕೋಶಗಳ ಬೆಳವಣಿಗೆ ತಡೆಯುವ ಗುಣ ತೋರಿದೆ. ‘ಬಿಯರಿನಿಂದ ಕ್ಯಾನ್ಸರ್ ದೂರ’ ಎಂಬ ತಲೆಬರಹಗಳ ಹಿಂದೆ ಇರುವುದು ಸಾಮಾನ್ಯವಾಗಿ ಇದೇ. ಆದರೆ ಹಾಪ್ಸ್ ಕುದಿಯುವಾಗ ಜ್ಯಾಂಥೋಹ್ಯೂಮಾಲ್‌ನ ಬಹುಪಾಲು ಐಸೋಜ್ಯಾಂಥೋಹ್ಯೂಮಾಲ್ ಆಗಿ ಬದಲಾಗುತ್ತದೆ. ಉಳಿದದ್ದೂ ನೀರಿನಲ್ಲಿ ಸರಿಯಾಗಿ ಕರಗದೆ ಗಷ್ಟಿನ ಜತೆ, ಯೀಸ್ಟ್ ಜತೆ ಹೊರಟುಹೋಗುತ್ತದೆ. ಅಮೆರಿಕದ ಆರೆಗಾನ್ ರಾಜ್ಯ ವಿಶ್ವವಿದ್ಯಾಲಯದ ವಿಜ್ಞಾನಿಗಳು 1999ರಲ್ಲಿ ಹಲವು ಬಿಯರುಗಳನ್ನು ಅಳೆದಾಗ ಸಿಕ್ಕ ಅತಿ ಹೆಚ್ಚಿನ ಪ್ರಮಾಣ ಲೀಟರಿಗೆ 0.69 ಮಿಲಿಗ್ರಾಂ. ಮನುಷ್ಯರ ಮೇಲೆ ಇದನ್ನು ಪರೀಕ್ಷಿಸಿದ ಪ್ರಯೋಗವೊಂದರಲ್ಲಿ ಆರೋಗ್ಯವಂತರಿಗೆ ದಿನಕ್ಕೆ 24 ಮಿಲಿಗ್ರಾಂನಂತೆ 8 ವಾರ ಕೊಟ್ಟಿದ್ದರು, ಅದೂ ಕೇವಲ ಸುರಕ್ಷಿತವೇ ಎಂದು ನೋಡುವ ಮೊದಲ ಹಂತದಲ್ಲಿ. ಅಷ್ಟನ್ನು ಬಿಯರಿನಿಂದಲೇ ಪಡೆಯಬೇಕೆಂದರೆ ಆ ಅತ್ಯಧಿಕ ಪ್ರಮಾಣದ ಬಿಯರ್ ಕೂಡ ದಿನಕ್ಕೆ ಸುಮಾರು 35 ಲೀಟರ್ ಬೇಕು. ಜರ್ಮನಿಯಲ್ಲಿ ಹುರಿದ ಮಾಲ್ಟ್ ಬಳಸಿ ಜ್ಯಾಂಥೋಹ್ಯೂಮಾಲ್ ಹೆಚ್ಚಿಸುವ ವಿಧಾನಗಳನ್ನು ಕಂಡುಕೊಂಡಿದ್ದಾರೆ. ಆದರೆ ನಮ್ಮೂರ ಮೇಜಿಗೆ ಬರುವ ಐಪಿಎ ಅಂಥದ್ದಲ್ಲ.

ಕುಡಿದದ್ದು ಒಳಗೆ ಹೋದ ಮೇಲೆ ಏನಾಗುತ್ತದೆ? ಫೆರುಲಿಕ್ ಆಮ್ಲದಂಥ ಚಿಕ್ಕ ಫಿನಾಲ್‌ಗಳು ಬಿಯರಿನಿಂದ ರಕ್ತಕ್ಕೆ ಸೇರುತ್ತವೆ ಎಂಬುದು ಖಚಿತ. ಆದರೆ ಕರುಳು, ಯಕೃತ್ತುಗಳು ಅವಕ್ಕೆ ಗಂಧಕದ, ಗ್ಲುಕುರೋನಿಕ್ ಆಮ್ಲದ ಗುಂಪುಗಳನ್ನು ಅಂಟಿಸಿ, ಕೆಲವೇ ಗಂಟೆಗಳಲ್ಲಿ ಮೂತ್ರದಲ್ಲಿ ಹೊರಹಾಕುತ್ತವೆ. ದೊಡ್ಡ ಫಿನಾಲ್‌ಗಳು ದೊಡ್ಡಕರುಳಿನವರೆಗೂ ಹಾಗೆಯೇ ಇಳಿದು ಅಲ್ಲಿನ ಬ್ಯಾಕ್ಟೀರಿಯಾಗಳ ಪಾಲಾಗುತ್ತವೆ. ಅದು ವ್ಯರ್ಥವೆಂದೇನಲ್ಲ, ಕರುಳಿನ ಜೀವಾಣುಗಳಿಗೆ ಅದರಿಂದ ಉಪಯೋಗವಿರಬಹುದು. ಆದರೆ ನಳಿಕೆಯಲ್ಲಿ ಕಂಡ ಶಕ್ತಿ ರಕ್ತದಲ್ಲಿ ಅದೇ ಪ್ರಮಾಣದಲ್ಲಿ ಇರುವುದಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ನಮ್ಮ ರಕ್ತದ ಪ್ಲಾಸ್ಮಾಕ್ಕೆ ಸಹಜವಾಗಿಯೇ ಇರುವ ಉತ್ಕರ್ಷಣ ನಿರೋಧಕ ಸಾಮರ್ಥ್ಯದಲ್ಲಿ ದೊಡ್ಡ ಪಾಲು ಯೂರಿಕ್ ಆಮ್ಲದ್ದು. ಬಿಯರ್ ಯೂರಿಕ್ ಆಮ್ಲವನ್ನು ಎರಡು ದಾರಿಯಿಂದ ಏರಿಸುತ್ತದೆ. ಮಾಲ್ಟ್ ಮತ್ತು ಯೀಸ್ಟ್‌ನಲ್ಲಿರುವ ಪ್ಯೂರಿನ್‌ಗಳು ಯೂರಿಕ್ ಆಮ್ಲವಾಗುತ್ತವೆ. ಆಲ್ಕೊಹಾಲ್ ಅದನ್ನು ಮೂತ್ರಪಿಂಡ ಹೊರಹಾಕುವುದಕ್ಕೆ ಅಡ್ಡಿ ಮಾಡುತ್ತದೆ. ಹಾಗಾಗಿ ಬಿಯರ್ ಕುಡಿದವರ ರಕ್ತದಲ್ಲಿ ‘ಆ್ಯಂಟಿಆಕ್ಸಿಡೆಂಟ್ ಸಾಮರ್ಥ್ಯ ಏರಿತು’ ಎಂಬ ಫಲಿತಾಂಶ ಬಂದರೆ, ಏರಿದ್ದು ಫಿನಾಲೋ ಯೂರಿಕ್ ಆಮ್ಲವೋ ಎಂದು ಮೊದಲು ಕೇಳಬೇಕು. ಯೂರಿಕ್ ಆಮ್ಲ ಮಿತಿ ಮೀರಿದರೆ ಹರಳುಗಟ್ಟಿ ಕೀಲು ಸೇರುತ್ತದೆ. ಅದೇ ಗೌಟ್. ಕಾಲಿನ ಹೆಬ್ಬೆರಳ ಬುಡ ಕೆಂಪಗೆ ಊದಿ, ಹೊದಿಕೆಯ ಅಂಚು ತಗುಲಿದರೂ ತಡೆಯಲಾಗದ ನೋವು. ಅಮೆರಿಕದ 47,150 ಗಂಡಸರನ್ನು 12 ವರ್ಷ ಗಮನಿಸಿದ ಅಧ್ಯಯನವೊಂದು 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ದಿನಕ್ಕೆ ಒಂದು ಕ್ಯಾನ್ ಬಿಯರಿಗೆ ಗೌಟ್ ಅಪಾಯ ಸುಮಾರು ಅರ್ಧದಷ್ಟು ಹೆಚ್ಚುತ್ತಿತ್ತು. ವಿಸ್ಕಿಯಂಥ ಮದ್ಯಗಳಲ್ಲಿ ಹೆಚ್ಚಳ ಅದಕ್ಕಿಂತ ಕಡಿಮೆ, ಮಿತವಾದ ವೈನಿನಲ್ಲಿ ಕಾಣಲಿಲ್ಲ. ಸೋಸದ ಬಿಯರಿನಲ್ಲಿ ಯೀಸ್ಟ್ ಉಳಿಯುವುದರಿಂದ ಬಿ ಜೀವಸತ್ವಗಳು ತುಸು ಸಿಗುತ್ತವೆ ಎಂದು ಹೊಗಳುವವರು, ಅದೇ ಯೀಸ್ಟ್ ಪ್ಯೂರಿನ್ನನ್ನೂ ತರುತ್ತದೆ ಎಂಬುದನ್ನು ಹೇಳುವುದಿಲ್ಲ. ಯೂರಿಕ್ ಆಮ್ಲದ ತೊಂದರೆ ಇರುವವರು ಕ್ರಾಫ್ಟ್ ಬಿಯರನ್ನು ಮುಟ್ಟದಿರುವುದೇ ಮೇಲು.

ಇನ್ನು ಆಲ್ಕೊಹಾಲ್. ಶೇ 5ರ ಬಿಯರ್ ಅರ್ಧ ಲೀಟರ್ ಕುಡಿದರೆ ಒಳಗೆ ಹೋಗುವುದು ಸುಮಾರು 20 ಗ್ರಾಂ ಆಲ್ಕೊಹಾಲ್. ಶೇ 7ರ ಐಪಿಎ ಆದರೆ 27 ಗ್ರಾಂ ದಾಟುತ್ತದೆ. ಪಾಲಿಫಿನಾಲ್‌ನ ಲೆಕ್ಕ ಮಿಲಿಗ್ರಾಂಗಳಲ್ಲಿ, ಆಲ್ಕೊಹಾಲ್‌ನ ಲೆಕ್ಕ ಗ್ರಾಂಗಳಲ್ಲಿ ಎಂಬುದನ್ನು ಗಮನಿಸಿ. ಯಕೃತ್ತು ಈ ಆಲ್ಕೊಹಾಲನ್ನು ಅಸಿಟಾಲ್ಡಿಹೈಡ್ ಆಗಿ, ಆಮೇಲೆ ಅಸಿಟೇಟ್ ಆಗಿ ಒಡೆಯುತ್ತದೆ. ಅಸಿಟಾಲ್ಡಿಹೈಡ್ ನಮ್ಮ ಡಿಎನ್‌ಎಗೆ ನೇರವಾಗಿ ಹಾನಿ ಮಾಡುವ ವಿಷ. ಕುಡಿತ ಹೆಚ್ಚಾದಂತೆ ಸಿವೈಪಿ2ಇ1 ಎಂಬ ಇನ್ನೊಂದು ಕಿಣ್ವವೂ ಕೆಲಸಕ್ಕಿಳಿದು, ಆ್ಯಂಟಿಆಕ್ಸಿಡೆಂಟ್‌ಗಳು ಹೊಡೆದೋಡಿಸಬೇಕಾದ ಅದೇ ಉಪಟಳದ ಕಣಗಳನ್ನು ಉತ್ಪಾದಿಸುತ್ತದೆ. ದೇಹ ತನ್ನ ರಕ್ಷಣೆಗೆಂದು ಇಟ್ಟುಕೊಂಡ ಗ್ಲುಟಾಥಯೋನ್‌ನ ದಾಸ್ತಾನೂ ಕರಗುತ್ತದೆ. ಮನೆಗೆ ಬೆಂಕಿ ಹಚ್ಚಿ, ಆರಿಸಿಕೊಳ್ಳಲು ಒಂದು ಚೊಂಬು ನೀರು ಕೈಗಿಟ್ಟ ಹಾಗೆ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಆಲ್ಕೊಹಾಲ್ ಪಾನೀಯಗಳನ್ನು ಮೊದಲ ಗುಂಪಿನ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದ್ದು 1988ರಲ್ಲೇ. ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳ, ಯಕೃತ್ತು, ದೊಡ್ಡಕರುಳು, ಹೆಂಗಸರಲ್ಲಿ ಸ್ತನ, ಇಷ್ಟು ಕಡೆಯ ಕ್ಯಾನ್ಸರಿಗೆ ಸಂಬಂಧ ಸ್ಥಿರಪಟ್ಟಿದೆ. ತಂಬಾಕು ಅಗಿಯುವವರು, ಸೇದುವವರು ಜತೆಗೆ ಕುಡಿದರೆ ಬಾಯಿ, ಗಂಟಲಿನ ಅಪಾಯ ಹಲವು ಪಟ್ಟು. ಗುಟ್ಕಾ, ಸಿಗರೇಟು, ಬಿಯರ್ ಒಂದೇ ಸಂಜೆಯಲ್ಲಿ ಕೂಡುವ ನಮ್ಮ ಊರುಗಳಲ್ಲಿ ಇದು ಎಲ್ಲಕ್ಕಿಂತ ಮುಖ್ಯ. ಆಲ್ಕೊಹಾಲ್ ಬಂದದ್ದು ಕ್ರಾಫ್ಟ್ ಬಿಯರಿನಿಂದಲೋ ಅಗ್ಗದ ಬ್ರಾಂದಿಯಿಂದಲೋ ಎಂದು ಜೀವಕೋಶ ಕೇಳುವುದಿಲ್ಲ. ಇಷ್ಟು ಕುಡಿದರೆ ಅಪಾಯವೇ ಇಲ್ಲ ಎನ್ನಬಹುದಾದ ಪ್ರಮಾಣವಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿಯೇ ಹೇಳಿತು.

“ಹೃದಯಕ್ಕೆ ಒಳ್ಳೆಯದಂತಲ್ಲ?” ಎಂದು ಕೇಳುವವರಿದ್ದಾರೆ. ಆ ನಂಬಿಕೆಗೆ ಬೇರು 1990ರ ದಶಕದ ಆರಂಭದಲ್ಲಿದೆ. ಬೆಣ್ಣೆ, ಚೀಸ್ ತಿಂದರೂ ಫ್ರೆಂಚರಿಗೆ ಹೃದಯಾಘಾತ ಕಡಿಮೆ, ಅದಕ್ಕೆ ವೈನ್ ಕಾರಣವಿರಬಹುದು ಎಂದು ಸೆರ್ಜ್ ರೆನೋ ಎಂಬ ವಿಜ್ಞಾನಿ ಆಗ ವಾದಿಸಿದ್ದರು. ಮಿತವಾಗಿ ಕುಡಿಯುವವರು ಕುಡಿಯದವರಿಗಿಂತ ಹೆಚ್ಚು ಬಾಳುತ್ತಾರೆ ಎಂದು ಆಮೇಲೆ ಎಷ್ಟೋ ಅಧ್ಯಯನಗಳು ಹೇಳಿದವು. ಆದರೆ ‘ಕುಡಿಯದವರ’ ಗುಂಪಿನಲ್ಲಿ ಕಾಯಿಲೆ ಬಿದ್ದು ಕುಡಿತ ಬಿಟ್ಟವರೂ ಸೇರಿಕೊಂಡಿದ್ದರು. ಮಿತವಾಗಿ ಕುಡಿಯುವವರು ಸಾಮಾನ್ಯವಾಗಿ ಹಣ, ಓದು, ವೈದ್ಯರ ಸೌಕರ್ಯ ಉಳ್ಳವರು. ಚೀನಾದ ಐದು ಲಕ್ಷ ಜನರ ಅಧ್ಯಯನ 2019ರಲ್ಲಿ ಈ ಗೋಜಲನ್ನು ಬಿಡಿಸಿತು. ಹುಟ್ಟಿನಿಂದಲೇ ಆಲ್ಕೊಹಾಲ್ ಒಗ್ಗದ ವಂಶವಾಹಿ ಇರುವವರನ್ನೂ ಇಲ್ಲದವರನ್ನೂ ಹೋಲಿಸಿದಾಗ, ಮಿತ ಕುಡಿತ ಪಾರ್ಶ್ವವಾಯುವಿನಿಂದ ಕಾಪಾಡುತ್ತದೆ ಎಂಬುದಕ್ಕೆ ಆಧಾರ ಸಿಗಲಿಲ್ಲ. ಕುಡಿತ ಹೆಚ್ಚಿದಷ್ಟೂ ರಕ್ತದೊತ್ತಡ, ಪಾರ್ಶ್ವವಾಯು ಹೆಚ್ಚಿದ್ದವು.

ಆಲ್ಕೊಹಾಲ್ ಇಲ್ಲದ ಬಿಯರಿನ ಕಥೆ ಮಾತ್ರ ಬೇರೆ, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. 2009ರ ಮ್ಯೂನಿಕ್ ಮ್ಯಾರಥಾನ್‌ಗೆ ಸಜ್ಜಾಗುತ್ತಿದ್ದ 277 ಓಟಗಾರರಲ್ಲಿ ಕೆಲವರಿಗೆ ಓಟಕ್ಕೆ ಮುಂಚೆ 3 ವಾರ, ಓಟದ ನಂತರ 2 ವಾರ ದಿನಕ್ಕೆ ಒಂದರಿಂದ ಒಂದೂವರೆ ಲೀಟರ್ ಆಲ್ಕೊಹಾಲ್‌ರಹಿತ ಗೋಧಿ ಬಿಯರ್ ಕೊಟ್ಟರು. ಉಳಿದವರಿಗೆ ಅದೇ ರುಚಿಯ, ಪಾಲಿಫಿನಾಲ್ ಇಲ್ಲದ ಪಾನೀಯ. ಬಿಯರ್ ಕುಡಿದವರಲ್ಲಿ ಓಟದ ನಂತರದ ಉರಿಯೂತ ಮತ್ತು ನೆಗಡಿ, ಗಂಟಲುನೋವು ಕಡಿಮೆ ಕಂಡವು. ಅಧ್ಯಯನಕ್ಕೆ ಬಿಯರ್ ಕಂಪನಿಯ ನೆರವಿತ್ತು ಎಂಬುದನ್ನೂ ಸೇರಿಸಿಯೇ ಓದಬೇಕು. ಆದರೂ ಮಾಲ್ಟ್, ಹಾಪ್ಸ್‌ಗಳ ಗುಣ ಮೈಗೆ ಸಿಗಬೇಕಾದರೆ ಆಲ್ಕೊಹಾಲ್ ಬೇಕಿಲ್ಲ ಎಂಬ ಸೂಚನೆ ಇದರಲ್ಲಿದೆ.

ಕೊನೆಗೆ ರಾಗಿ. ಬೆಂಗಳೂರಿನ ಕೆಲವು ಬ್ರೂವರಿಗಳು ರಾಗಿ ಬೆರೆಸಿ ಬಿಯರ್ ಮಾಡುತ್ತವೆ. ಇದರಲ್ಲಿ ಅಚ್ಚರಿಯಿಲ್ಲ: ಸಿಕ್ಕಿಂ, ಡಾರ್ಜಿಲಿಂಗ್ ಕಡೆ ರಾಗಿಯನ್ನು ಹುದುಗಿಸಿ ಕುಡಿಯುವ ರೂಢಿ ಬಹಳ ಹಳೆಯದು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಎನ್.ಜಿ. ಮಲ್ಲೇಶಿ ಮತ್ತು ಸಂಗಡಿಗರು ರಾಗಿಯ ಪಾಲಿಫಿನಾಲ್‌ಗಳ ಮೇಲೆ ಗಣ್ಯ ಕೆಲಸ ಮಾಡಿದ್ದಾರೆ. ಅವು ಹೆಚ್ಚಾಗಿರುವುದು ರಾಗಿಯ ಕಂದು ಸಿಪ್ಪೆಯಲ್ಲಿ. ಬಿಳಿ ರಾಗಿಯಲ್ಲಿ ಕಡಿಮೆ. ಬಿಯರ್ ಮಾಡುವಾಗ ಆ ಸಿಪ್ಪೆಯ ಹೆಚ್ಚಿನ ಪಾಲು ಬಾರ್ಲಿಯ ಸಿಪ್ಪೆಯಂತೆಯೇ ಚರಟದಲ್ಲಿ ಉಳಿಯುತ್ತದೆ. ಮುದ್ದೆಯಲ್ಲಿ, ಅಂಬಲಿಯಲ್ಲಿ, ಮೊಳಕೆ ಬರಿಸಿದ ರಾಗಿ ಮಾಲ್ಟ್‌ನಲ್ಲಿ ಅದನ್ನು ಸಿಪ್ಪೆ, ನಾರು, ಸುಣ್ಣದಂಶ ಸಮೇತ ಉಣ್ಣುತ್ತೇವೆ. ರಾಗಿಯ ಒಳ್ಳೆಯತನ ಬೇಕಾದವರು ಮುದ್ದೆ ಉಣ್ಣಲಿ.

ನನಗೆ ಕ್ರಾಫ್ಟ್ ಬಿಯರ್ ಮಾಡುವವರ ಕಸುಬಿನ ಬಗ್ಗೆ ಗೌರವವಿದೆ. ಒಳ್ಳೆಯ ಮಾಲ್ಟ್ ಆರಿಸಿ, ಯೀಸ್ಟನ್ನು ಮಗುವಿನಂತೆ ಸಾಕಿ, ವಾಸನೆ ರುಚಿಗಳನ್ನು ಹದ ತಪ್ಪದೆ ಹಿಡಿಯುವುದು ಸಣ್ಣ ವಿದ್ಯೆಯಲ್ಲ. ಆ ವಿದ್ಯೆಗೆ ಔಷಧದ ಹಣೆಪಟ್ಟಿ ಬೇಕಿಲ್ಲ. ಕಾನೂನೂ ಅದನ್ನೇ ಹೇಳುತ್ತದೆ: 2019ರ ಏಪ್ರಿಲ್‌ನಿಂದ ಜಾರಿಯಲ್ಲಿರುವ, ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮಗಳ ಪ್ರಕಾರ ಮದ್ಯದ ಲೇಬಲ್ಲಿನಲ್ಲಿ ಆರೋಗ್ಯದ ಲಾಭದ ಮಾತು ಬರೆಯುವಂತಿಲ್ಲ. ಲೇಬಲ್ಲಿಗೆ ಬಾರದ ಮಾತು ಮೇಜಿನ ಸುತ್ತ, ವಾಟ್ಸ್‌ಆ್ಯಪಿನಲ್ಲಿ ಓಡಾಡುತ್ತಿರುವುದೇ ನಿಜವಾದ ತೊಂದರೆ.

ಆದ್ದರಿಂದ ಓದುಗರಲ್ಲಿ ನನ್ನ ವಿನಂತಿ ಇಷ್ಟು. ಕುಡಿಯದವರು ಆ್ಯಂಟಿಆಕ್ಸಿಡೆಂಟ್‌ಗಾಗಿ ಶುರು ಮಾಡಬೇಡಿ. ಕುಡಿಯುವವರು ರುಚಿಗಾಗಿ ಕುಡಿಯುತ್ತೇನೆಂದು ನಿಮಗೆ ನೀವೇ ಹೇಳಿಕೊಳ್ಳಿ. ಆಗ ಒಂದು ಲೋಟಕ್ಕೆ ನಿಲ್ಲಿಸುವುದು ಸುಲಭ. ಆರ್ಡರ್ ಕೊಡುವ ಮುನ್ನ ಶೇಕಡಾ ಎಷ್ಟು ಆಲ್ಕೊಹಾಲ್ ಎಂದು ಕೇಳಿ, ಅರ್ಧ ಲೀಟರಿನ ಬದಲು ಚಿಕ್ಕ ಲೋಟ ತರಿಸಿ. ಬಸುರಿಯರು, ಯಕೃತ್ತಿನ ಕಾಯಿಲೆ, ಗೌಟ್, ಅಧಿಕ ರಕ್ತದೊತ್ತಡ ಇರುವವರು, ದಿನವೂ ಮಾತ್ರೆ ನುಂಗುವವರು ದೂರವಿರಿ. ಕುಡಿದ ದಿನ ಗಾಡಿಯ ಬೀಗದಕೈ ಮುಟ್ಟಬೇಡಿ.